ಅಕ್ಷರದ ತುದಿ: ಆಪ್ಟಿಮಾದಿಂದ ನಮ್ಮ ತಲೆಕಟ್ಟಿನವರೆಗೆ

(ಭೋಸರಿಯಲ್ಲಿ ಕನ್ನಡ ಗೆಳೆಯರ ಮುಂದೆ ಆಡಿದ ಮಾತಿನ ಬರಹರೂಪ. ವಿಡಿಯೋದಲ್ಲಿ ಚಿತ್ರ ತೋರಿಸಿ ಹೇಳಿದ್ದನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ.)

ಭಾನುವಾರದ ನಿದ್ದೆ ಬಿಟ್ಟು ಫಾಂಟ್ ಬಗ್ಗೆ ಕೇಳೋಕೆ ಇಷ್ಟು ಜನ ಬಂದಿದ್ದೀರಿ. ಮೊದಲು ಒಂದು ಪ್ರಶ್ನೆ ಕೇಳ್ತೀನಿ. ನಿಮ್ಮ ಫ್ಲಾಟಿನ ಬಾಗಿಲ ಮೇಲೆ ಹೆಸರಿನ ಫಲಕ ಇದೆಯಲ್ಲ, ಅದರಲ್ಲಿ ಕನ್ನಡ ಇದೆಯಾ? ಕೈ ಎತ್ತಿ. ಸರಿ, ಅರ್ಧಕ್ಕಿಂತ ಕಡಿಮೆ. ಇದ್ದವರಿಗೆ ಎರಡನೇ ಪ್ರಶ್ನೆ: ಆ ಕನ್ನಡ ಅಕ್ಷರ ಯಾವ ಫಾಂಟ್‌ನಲ್ಲಿದೆ, ಅದನ್ನ ಆರಿಸಿದ್ದು ಯಾರು? ಈಗ ಯಾರೂ ಕೈ ಎತ್ತಲಿಲ್ಲ. ಇಂಗ್ಲಿಷ್ ಹೆಸರಿಗೆ ಅಂಗಡಿಯವರು ಹತ್ತು ನಮೂನೆ ತೋರಿಸ್ತಾರೆ. ಮರಾಠಿಗೂ ನಾಲ್ಕೈದು ಇರ್ತವೆ. ಕನ್ನಡಕ್ಕೆ ಮಾತ್ರ, ಕಂಪ್ಯೂಟರ್‌ನಲ್ಲಿ ಯಾವುದು ಬಿತ್ತೋ ಅದೇ.

ಇವತ್ತು ನಾನು ಮಾತಾಡೋಕೆ ಹೊರಟಿರೋದು ಒಂದು ಇಂಗ್ಲಿಷ್ ಫಾಂಟ್ ಬಗ್ಗೆ. ಅದರ ಹೆಸರು ಆಪ್ಟಿಮಾ. ಆದರೆ ಆ ದಾರಿಯಲ್ಲಿ ನಡೆದು ನಾವು ತಲುಪೋದು ನಮ್ಮ ತಲೆಕಟ್ಟಿಗೆ, ಅಲ್ಲಿಂದ ನಿಮ್ಮ ಬಾಗಿಲಿಗೆ.

ಒನಕೆಯಂಥ ಅಕ್ಷರ

ರೋಮನ್ ಲಿಪಿಯ ದೊಡ್ಡಕ್ಷರ 'ಐ' ನೆನಪು ಮಾಡಿಕೊಳ್ಳಿ. ಬರೀ ಒಂದು ಕಂಬ. ಟೈಮ್ಸ್‌ನಂಥ ಫಾಂಟ್‌ನಲ್ಲಿ ಆ ಕಂಬಕ್ಕೆ ಮೇಲೊಂದು ಕೆಳಗೊಂದು ಪಟ್ಟಿ ಇರುತ್ತೆ, ಮರದ ಕಂಬಕ್ಕೆ ಬೋದಿಗೆ ಇಟ್ಟ ಹಾಗೆ. ಅದು ಸೆರಿಫ್. ಏರಿಯಲ್, ಹೆಲ್ವೆಟಿಕಾದಲ್ಲಿ ಪಟ್ಟಿಯೇ ಇಲ್ಲ, ಕಂಬವನ್ನು ಗರಗಸದಲ್ಲಿ ಕೊಯ್ದ ಹಾಗೆ ನಿಲ್ಲಿಸಿದ್ದಾರೆ. ಅದು ಸ್ಯಾನ್ಸ್ ಸೆರಿಫ್.

ಮೂರನೇ ಬಗೆಯೊಂದಿದೆ, ಅದೇ ಫ್ಲೇರ್ಡ್ ಸೆರಿಫ್. ಇಲ್ಲಿ ಪಟ್ಟಿ ಇಲ್ಲ, ಆದರೆ ಕಂಬ ತುದಿಗೆ ಹೋಗ್ತಾ ಹೋಗ್ತಾ ಸ್ವಲ್ಪ ಅಗಲ ಆಗುತ್ತೆ. ನಡು ಸಣ್ಣ, ಎರಡು ತುದಿ ದಪ್ಪ. ನಮ್ಮೂರಲ್ಲಿ ಒನಕೆ ನೋಡಿದ್ದೀರಲ್ಲ? ಕೈ ಹಿಡಿಯೋ ಜಾಗ ಸಣ್ಣ, ಎರಡೂ ಕಡೆ ದಪ್ಪ. ಆ ಒನಕೆಯನ್ನ ಬಹಳ ಹಗುರ ಮಾಡಿ, ಕಣ್ಣಿಗೆ ಕಂಡೂ ಕಾಣದಷ್ಟು ಮಾಡಿ. ಅದೇ ಆಪ್ಟಿಮಾದ ಕಂಬ. ಆ ತುದಿಯನ್ನ ಯಾರೂ ಹೊರಗಿಂದ ತಂದು ಅಂಟಿಸಿಲ್ಲ, ಗೆರೆಯೇ ಬೆಳೆದು ತುದಿಯಾಗಿದೆ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಗೋರಿಕಲ್ಲಿನಿಂದ ಎದ್ದು ಬಂದದ್ದು

ಆಪ್ಟಿಮಾ ಮಾಡಿದವರು ಜರ್ಮನಿಯ ಹರ್ಮನ್ ಜಾಫ್ (1918–2015). ಪಲಾಟಿನೋ ಅವರದೇ. ನಮ್ಮಲ್ಲಿ ಎಂಟೆಕ್ ಥೀಸಿಸ್‌ಗೆ ಲೇಟೆಕ್ ಬಳಸಿದವರು ಇದ್ದೀರಿ. ಆ ಲೇಟೆಕ್‌ಗೆ ತಳಪಾಯವಾದ ಟೆಕ್ ಬರೆದ ಡೊನಾಲ್ಡ್ ಕ್ನುತ್ ಜೊತೆ ಸೇರಿ, ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಗಾಗಿ ಆಯ್ಲರ್ ಎಂಬ ಗಣಿತದ ಫಾಂಟ್ ಮಾಡಿದವರೂ ಇವರೇ.

1950ರಲ್ಲಿ ಜಾಫ್ ಇಟಲಿಗೆ ಹೋಗಿದ್ದರು. ಫ್ಲಾರೆನ್ಸ್ ನಗರದ ಸಾಂತಾ ಕ್ರೋಚೆ ಚರ್ಚಿನ ನೆಲದಲ್ಲಿ ಹಳೇ ಗೋರಿಕಲ್ಲುಗಳಿವೆ. ಅವುಗಳ ಮೇಲೆ ಕೆತ್ತಿದ ಅಕ್ಷರಗಳಿಗೆ ಸೆರಿಫ್ ಇರಲಿಲ್ಲ, ಆದರೂ ತುದಿಗಳು ಅರಳಿದ್ದವು. ಬರೆದುಕೊಳ್ಳೋಕೆ ಕೈಯಲ್ಲಿ ಕಾಗದ ಇಲ್ಲ. ಜೇಬಿನಲ್ಲಿದ್ದ 1,000 ಲಿರಾ ನೋಟಿನ ಮೇಲೇ ಆ ಆಕಾರ ಗೀಚಿಕೊಂಡರು. ಮುಂದೆ ಫ್ರಾಂಕ್‌ಫರ್ಟ್‌ನ ಸ್ಟೆಂಪೆಲ್ ಅಚ್ಚುಮೊಳೆ ಕಾರ್ಖಾನೆಯಲ್ಲಿ ಆಗಸ್ಟ್ ರೋಸೆನ್‌ಬರ್ಗರ್ ಎಂಬ ನುರಿತ ಕೆತ್ತನೆಗಾರರು ಅದನ್ನ ಲೋಹದಲ್ಲಿ ಕೊರೆದರು. 1958ರಲ್ಲಿ ಫಾಂಟ್ ಹೊರಬಂತು. ಆಪ್ಟಿಮಾ ಅನ್ನೋ ಹೆಸರು ಮಾರಾಟದವರು ಇಟ್ಟದ್ದು, ಜಾಫ್ ಅವರ ಮನಸ್ಸಿನಲ್ಲಿದ್ದದ್ದು 'ನೊಯ್ ಆಂಟೀಕ್ವಾ'. ಪ್ರಾಡಕ್ಟಿಗೆ ಹೆಸರಿಡೋದು ಎಂಜಿನಿಯರ್ ಕೈಲಿರಲ್ಲ, ಆಗಲೂ ಇರಲಿಲ್ಲ ನೋಡಿ.

ಇದಕ್ಕಿಂತ ಮೊದಲೇ ಹುಟ್ಟಿದ ಒಬ್ಬ ಅಣ್ಣ ಇದಕ್ಕಿದ್ದಾನೆ, ಆಲ್ಬರ್ಟಸ್. ಮಾಡಿದವರು ಬರ್ಟೋಲ್ಡ್ ವೋಲ್ಪೆ. ಅವರು ಮೂಲತಃ ಲೋಹದ ಕೆಲಸ ಕಲಿತವರು, ಕಂಚಿನ ಫಲಕಗಳಲ್ಲಿ ಉಬ್ಬು ಅಕ್ಷರ ಮಾಡುತ್ತಿದ್ದರು. ಉಬ್ಬು ಅಕ್ಷರ ಅಂದ್ರೆ ಅಕ್ಷರವನ್ನ ಕೊರೆಯೋದಲ್ಲ, ಅದರ ಸುತ್ತಲಿನ ಲೋಹ ತೆಗೆಯೋದು. ಹೊರಗಿಂದ ಒಳಕ್ಕೆ ಕೆತ್ತುತ್ತಾ ಬಂದಾಗ ನಾಜೂಕಿನ ಪಟ್ಟಿ ಉಳಿಸೋದು ಕಷ್ಟ, ದಿಟ್ಟವಾದ ಸರಳ ಆಕಾರವೇ ಉಳಿಯುತ್ತೆ. 1932ರಲ್ಲಿ ಮಾನೋಟೈಪ್ ಕಂಪನಿಯ ಸ್ಟ್ಯಾನ್ಲಿ ಮಾರಿಸನ್ ಆ ಕೆಲಸ ಮೆಚ್ಚಿ, ಅದನ್ನೇ ಅಚ್ಚಿನ ಅಕ್ಷರ ಮಾಡಿಕೊಡಿ ಅಂದರು. ಯಹೂದಿಯಾಗಿದ್ದ ವೋಲ್ಪೆ 1935ರಲ್ಲಿ ನಾಜಿ ಜರ್ಮನಿ ಬಿಟ್ಟು ಇಂಗ್ಲೆಂಡ್ ಸೇರಿದರು. ಇವತ್ತು ಸಿಟಿ ಆಫ್ ಲಂಡನ್‌ನ ಬೀದಿ ಹೆಸರಿನ ಫಲಕಗಳು ಆಲ್ಬರ್ಟಸ್‌ನಲ್ಲಿವೆ. ಊರು ಬಿಟ್ಟು ಹೋದ ಮನುಷ್ಯನ ಅಕ್ಷರ ಸೇರಿದ ಊರಿನ ಗುರುತಾಯ್ತು. ವಲಸೆ ಬಂದ ನಮ್ಮಂಥವರಿಗೆ ಈ ಸಂಗತಿ ಬೇರೆಯವರಿಗಿಂತ ಬೇಗ ಅರ್ಥವಾಗುತ್ತೆ.

ಹೆಸರುಗಳಿಗೆ ಒಪ್ಪುವ ಅಕ್ಷರ

ಆಪ್ಟಿಮಾ ಎಲ್ಲೆಲ್ಲಿ ಬಳಕೆಯಾಗಿದೆ ನೋಡಿ. ಎಸ್ಟೀ ಲಾಡರ್ ಕಂಪನಿಯ ಹೆಸರು, ಅಂದರೆ ಸೌಂದರ್ಯವರ್ಧಕದ ಡಬ್ಬಿ. 2008ರಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಗೆ ನಿಂತ ಜಾನ್ ಮೆಕೇನ್ ಅವರ ಪ್ರಚಾರ ಫಲಕ. ಇನ್ನೊಂದು, ವಾಷಿಂಗ್ಟನ್‌ನಲ್ಲಿರುವ ವಿಯೆಟ್ನಾಂ ಯುದ್ಧದ ಸ್ಮಾರಕ.

ಆ ಸ್ಮಾರಕ 1982ರಲ್ಲಿ ತೆರೆಯಿತು. ವಿನ್ಯಾಸ ಮಾಡಿದ ಮಾಯಾ ಲಿನ್ ಸ್ಪರ್ಧೆ ಗೆದ್ದಾಗ 21 ವರ್ಷದ ವಿದ್ಯಾರ್ಥಿನಿ. ಹೊಳಪಿನ ಕಪ್ಪು ಗ್ರಾನೈಟ್ ಗೋಡೆ, ಅದರ ಮೇಲೆ 58,000ಕ್ಕೂ ಹೆಚ್ಚು ಹೆಸರು. ಪದವಿ ಇಲ್ಲ, ಜನರಲ್ ಸಿಪಾಯಿ ಭೇದ ಇಲ್ಲ, ಎಲ್ಲರಿಗೂ ಒಂದೇ ಅಳತೆಯ ಆಪ್ಟಿಮಾ. ಜನ ಬಂದು ಹೆಸರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡು ಹೋಗ್ತಾರೆ. ನ್ಯೂಯಾರ್ಕ್‌ನಲ್ಲಿ 2011ರಲ್ಲಿ ತೆರೆದ ಸೆಪ್ಟೆಂಬರ್ 11ರ ಸ್ಮಾರಕದಲ್ಲೂ ಕಂಚಿನ ಅಂಚಿನಲ್ಲಿ ಹೆಸರುಗಳನ್ನ ಕೊರೆದಿರೋದು ಆಪ್ಟಿಮಾದಲ್ಲೇ.

ಲಿಪ್‌ಸ್ಟಿಕ್ ಡಬ್ಬಿಗೂ ಸತ್ತವರ ಹೆಸರಿಗೂ ಒಂದೇ ಅಕ್ಷರ ಹೇಗೆ ಒಪ್ಪುತ್ತೆ? ನನ್ನ ತಿಳುವಳಿಕೆ ಇದು. ಸೆರಿಫ್ ಅಕ್ಷರ ನೋಡಿದ ಕೂಡಲೇ ಪುಸ್ತಕ, ಪತ್ರಿಕೆ, ಸರ್ಕಾರಿ ಆದೇಶ ನೆನಪಾಗುತ್ತೆ. ಹೆಲ್ವೆಟಿಕಾ ನೋಡಿದರೆ ಏರ್‌ಪೋರ್ಟು, ಕಾರ್ಖಾನೆ, ಫಾರ್ಮು. ಆಪ್ಟಿಮಾ ಇವೆರಡರ ನಡುವೆ ನಿಲ್ಲುತ್ತೆ: ಅಲಂಕಾರದ ಗದ್ದಲ ಇಲ್ಲ, ಆದರೆ ಕೈಯಿಂದ ಮಾಡಿದ್ದು ಅನ್ನೋ ಗುರುತು ಇದೆ. ಒಂದು ಹೆಸರನ್ನ ಗೌರವದಿಂದ, ಗಂಟಲು ಎತ್ತರಿಸದೆ ಕರೆದ ಹಾಗೆ.

ಹಾಗಂತ ಎಲ್ಲದಕ್ಕೂ ಅಲ್ಲ. ಕೋಡ್ ಬರೆಯೋಕೆ, ಎಕ್ಸೆಲ್ ಕಾಲಂಗೆ, ದೂರದಿಂದ ವೇಗವಾಗಿ ಓದಬೇಕಾದ ಹೆದ್ದಾರಿ ಫಲಕಕ್ಕೆ ಇದು ಹೇಳಿ ಮಾಡಿಸಿದ್ದಲ್ಲ. ನಿಂತು ಓದುವ ಕಡೆ, ದೊಡ್ಡ ಅಳತೆಯಲ್ಲಿ, ಚಂದ.

ಪಿಕ್ಸೆಲ್ ನುಂಗಿದ ನಡು

ಈಗ ನಮ್ಮ ಕಸುಬಿಗೆ ಬರೋಣ. ಲೋಹದಲ್ಲಿ ಚೆನ್ನಾಗಿದ್ದ ಈ ಅಕ್ಷರ ಕಂಪ್ಯೂಟರಿಗೆ ಬಂದಾಗ ಪೆಟ್ಟು ತಿಂತು. ಯಾಕೆ ಅಂತ ಲೆಕ್ಕ ಹಾಕೋಣ. ಕಂಬದ ನಡುವಿಗೂ ತುದಿಗೂ ಇರುವ ಅಗಲದ ವ್ಯತ್ಯಾಸ ಅಕ್ಷರದ ಅಳತೆಯ ನೂರನೇ ಒಂದು ಪಾಲು ಅಂತ ಇಟ್ಟುಕೊಳ್ಳಿ, ಲೆಕ್ಕಕ್ಕೋಸ್ಕರ. ಹಳೇ 300 ಡಿಪಿಐ ಲೇಸರ್ ಪ್ರಿಂಟರಿನಲ್ಲಿ 12 ಪಾಯಿಂಟ್ ಅಂದರೆ 50 ಚುಕ್ಕಿ. ನೂರನೇ ಒಂದು ಪಾಲು ಅಂದರೆ ಅರ್ಧ ಚುಕ್ಕಿ. ಅರ್ಧ ಚುಕ್ಕಿ ಮುದ್ರಿಸೋಕೆ ಆಗಲ್ಲ. ಒಂದೋ ಅದು ಸೊನ್ನೆ ಆಗುತ್ತೆ, ಆಗ ಆಪ್ಟಿಮಾ ಬೋಳು ಕಂಬ. ಇಲ್ಲಾ ಒಂದು ಪೂರ್ತಿ ಚುಕ್ಕಿ ಆಗುತ್ತೆ, ಆಗ ನಯವಾದ ಬಾಗು ಹೋಗಿ ಮೆಟ್ಟಿಲು ಕಾಣುತ್ತೆ. 16 ಪಿಕ್ಸೆಲ್‌ನ ಹಳೇ ಮಾನಿಟರಿನಲ್ಲಿ ಅದೇ ವ್ಯತ್ಯಾಸ 0.16 ಪಿಕ್ಸೆಲ್, ಸೊನ್ನೆಯೇ.

ಪೋಸ್ಟ್‌ಸ್ಕ್ರಿಪ್ಟ್ ಟೈಪ್ 1 ಫಾಂಟುಗಳಲ್ಲಿ ಇದಕ್ಕೆಂದೇ ಒಂದು ಉಪಾಯ ಇತ್ತು. ತೀರಾ ಆಳವಿಲ್ಲದ ಬಾಗು, ಹೆಚ್ಚುಕಡಿಮೆ ಅರ್ಧ ಚುಕ್ಕಿಗಿಂತ ಕಡಿಮೆ ಆದರೆ, ಅದನ್ನ ನೇರ ಗೆರೆಯಾಗಿಯೇ ಎಳೆದುಬಿಡು ಅನ್ನೋದು. ಅದರ ಹೆಸರು 'ಫ್ಲೆಕ್ಸ್'. ನಮ್ಮ ಭೋಸರಿಯಲ್ಲಿ ಫ್ಲೆಕ್ಸ್ ಅಂದ್ರೆ ಚೌಕದಲ್ಲಿ ಹುಟ್ಟುಹಬ್ಬಕ್ಕೆ ಕಟ್ಟೋ ಬ್ಯಾನರು. ಎರಡೂ ಒಂದೇ ಕೆಲಸ ಮಾಡ್ತವೆ ಬಿಡಿ, ನಾಜೂಕು ಬಿಟ್ಟು ಕೆಲಸ ಮುಗಿಸೋದು.

ಈಗಿನ ಮೊಬೈಲುಗಳಲ್ಲಿ ಪಿಕ್ಸೆಲ್ ಸಾಂದ್ರತೆ ಮೂರುಪಟ್ಟಾಗಿದೆ, ಅಂಚಿಗೆ ಬೂದು ಛಾಯೆ ಕೊಟ್ಟು ನಯ ಮಾಡುವ ವಿದ್ಯೆಯೂ ಇದೆ. ಹಾಗಾಗಿ ಆ ನಡು ಮತ್ತೆ ಕಾಣ್ತಿದೆ. 2002ರಲ್ಲಿ ಜಾಫ್ ಅವರೇ ಅಕಿರಾ ಕೊಬಯಾಶಿ ಜೊತೆ ಕೂತು 'ಆಪ್ಟಿಮಾ ನೋವಾ' ಅಂತ ಪೂರ್ತಿ ಹೊಸದಾಗಿ ತಿದ್ದಿದರು. ಆಗ ಅವರಿಗೆ ವಯಸ್ಸು ಎಂಬತ್ತು ದಾಟಿತ್ತು.

ಇಲ್ಲಿ ನನಗೆ ಮುಖ್ಯ ಅನ್ನಿಸೋದು: ಯಂತ್ರ ಒಂದು ಚೂರನ್ನ ಸೊನ್ನೆಗೆ ಇಳಿಸಿದಾಗ, ಆ ಚೂರು ಅಲಂಕಾರವೋ ಅರ್ಥವೋ ಅಂತ ಅದಕ್ಕೆ ಗೊತ್ತಿರಲ್ಲ. ಆಪ್ಟಿಮಾದಲ್ಲಿ ಹೋದದ್ದು ಚಂದ ಮಾತ್ರ, 'ಐ' 'ಐ' ಆಗಿಯೇ ಉಳಿಯಿತು. ಕನ್ನಡದಲ್ಲಿ ಹಾಗಲ್ಲ.

ನಮ್ಮ ತುದಿಗೆ ಹೆಸರಿದೆ

ಸುಮಾರು 1,500 ವರ್ಷ ಹಿಂದೆ ಹೋಗೋಣ. ಈಗಿನ ವಿದರ್ಭದಲ್ಲಿ ವಾಕಾಟಕರು, ನಮ್ಮ ಬನವಾಸಿಯಲ್ಲಿ ಕದಂಬರು. ಇಬ್ಬರ ಶಾಸನಗಳಲ್ಲೂ ಅಕ್ಷರದ ನೆತ್ತಿಯ ಮೇಲೆ ಪುಟ್ಟ ಚೌಕ ಇರುವ ಬರವಣಿಗೆ ಕಾಣುತ್ತೆ. ಲಿಪಿತಜ್ಞರು ಅದನ್ನ ಪೆಟ್ಟಿಗೆ ತಲೆಯ ಲಿಪಿ ಅಂತಾರೆ. ಗೆರೆ ಶುರುವಾಗುವ ಕಡೆ ಬಿದ್ದ ಗುರುತು ಅದು, ರೋಮನ್ ಅಕ್ಷರಕ್ಕೆ ಸೆರಿಫ್ ಇದ್ದ ಹಾಗೆ. ಬ್ರಾಹ್ಮಿಯಿಂದ ಬಂದ ಲಿಪಿಗಳಲ್ಲಿ ಇಂಥ ತಲೆಗುರುತು ಊರೂರಿಗೆ ಬೇರೆ ಬೇರೆ ರೂಪ ತಾಳಿತು. ಉತ್ತರದಲ್ಲಿ ಅದು ಅಡ್ಡಕ್ಕೆ ಬೆಳೆದು ಪಕ್ಕದ ಅಕ್ಷರದ ತಲೆಯ ಜೊತೆ ಸೇರಿಕೊಂಡಿತು. ಅದೇ ದೇವನಾಗರಿಯ ಶಿರೋರೇಖೆ, ನಾವು ದಿನಾ ಇಲ್ಲಿ ನೋಡೋ ಮರಾಠಿ ಬೋರ್ಡಿನ ಮೇಲಿನ ಗೆರೆ. ನಮ್ಮ ಕಡೆ ಅದು ಪಕ್ಕದವರ ಜೊತೆ ಸೇರದೆ, ಪ್ರತಿ ಅಕ್ಷರದ ಮೇಲೆ ಬಿಡಿಬಿಡಿಯಾಗಿ, ಬಲಕ್ಕೆ ಮೇಲೆದ್ದು ಉಳಿಯಿತು. ಅದೇ ತಲೆಕಟ್ಟು. ಮರಾಠಿಯ ಗೆರೆಗೂ ಕನ್ನಡದ ತಲೆಕಟ್ಟಿಗೂ ಅಜ್ಜ ಒಬ್ಬನೇ.

ರೋಮನ್ ಸೆರಿಫ್‌ಗೂ ತಲೆಕಟ್ಟಿಗೂ ಇರುವ ದೊಡ್ಡ ವ್ಯತ್ಯಾಸ ಏನು ಗೊತ್ತಾ? ಸೆರಿಫ್ ತೆಗೆದರೆ ಅಕ್ಷರ ಬದಲಾಗಲ್ಲ. ತಲೆಕಟ್ಟು ಹಾಗಲ್ಲ. ಕನ್ನಡ ಶಾಲೆಯಲ್ಲಿ ಕಾಗುಣಿತ ಹೇಳಿದ್ದು ನೆನಪಿದೆಯಾ? ಕಕ್ಕೆ ತಲೆಕಟ್ಟು ಕ, ಕಕ್ಕೆ ಇಳಿ ಕಾ, ಕಕ್ಕೆ ಗುಡಿಸು ಕಿ. ಅಂದರೆ ಮೇಷ್ಟ್ರು ಅದನ್ನ ಸ್ವರದ ಚಿಹ್ನೆಗಳ ಸಾಲಿನಲ್ಲೇ ಕಲಿಸಿದರು. ಕ ಹೋಗಿ ಕಿ ಆದಾಗ ತಲೆಕಟ್ಟು ಗುಡಿಸಿಗೆ ಜಾಗ ಬಿಟ್ಟುಕೊಡುತ್ತೆ. ಕ್ ಆದಾಗಲೂ ಅಷ್ಟೇ. ಬ, ಲ, ಜ, ಣ ಇವಕ್ಕೆ ತಲೆಕಟ್ಟೇ ಇಲ್ಲ. ಎಲ್ಲಿ ಇದೆ, ಎಲ್ಲಿ ಇಲ್ಲ ಅನ್ನೋದರಲ್ಲೇ ಓದು ಇದೆ. ಹಾಗಾಗಿ 'ಸ್ಯಾನ್ಸ್ ಸೆರಿಫ್ ಕನ್ನಡ' ಅನ್ನೋ ಮಾತಿಗೆ ನೇರ ಅರ್ಥವೇ ಇಲ್ಲ. ನೋಟೋ ಸೆರಿಫ್ ಕನ್ನಡ ಅನ್ನೋ ಫಾಂಟ್ ತೆರೆದು ನೋಡಿ, ಅದರಲ್ಲಿ ರೋಮನ್ ಥರದ ಪಟ್ಟಿ ಹುಡುಕಿದರೆ ಸಿಗಲ್ಲ. ಗೆರೆಯಲ್ಲಿ ದಪ್ಪ ತೆಳುವಿನ ಏರಿಳಿತ ಹೆಚ್ಚಿದೆ, ಅಷ್ಟೇ.

ಇನ್ನೊಂದು ಚೂರು ಇದೆ, ಮಹಾಪ್ರಾಣದ ಸೀಳು. ದ ಮತ್ತು ಧ ನಡುವೆ ಇರೋದು ಅಡಿಯಲ್ಲಿನ ಒಂದು ಪುಟ್ಟ ಗೆರೆ. ಪ ಮತ್ತು ಫ, ಡ ಮತ್ತು ಢ ಕೂಡ ಹಾಗೇ. ಅದನ್ನ ಯಂತ್ರ ಸೊನ್ನೆ ಮಾಡಿದರೆ ಏನಾಗುತ್ತೆ? ಧನಂಜಯ ಹೋಗಿ ದನಂಜಯ ಆಗ್ತಾನೆ. ನಗ್ತೀರಿ, ಆದರೆ ಬಾಗಿಲ ಮೇಲೆ ಹಿತ್ತಾಳೆಯಲ್ಲಿ ಹಾಗೆ ಕೊರೆಸಿಕೊಂಡವರಿಗೆ ನಗು ಬರಲ್ಲ.

ಅದಕ್ಕೇ ನಾನು ಹೇಳೋದು, ರೋಮನ್ ಫಾಂಟುಗಳಲ್ಲಿ ನಮ್ಮ ಲಿಪಿಯ ಸ್ವಭಾವಕ್ಕೆ ಹತ್ತಿರ ಇರೋದು ಫ್ಲೇರ್ಡ್ ಬಗೆ ಅಂತ. ಎರಡರಲ್ಲೂ ತುದಿ ಅನ್ನೋದು ಗೆರೆಯ ಬೆಳವಣಿಗೆ. ಎರಡರಲ್ಲೂ ಗೆರೆ ಉಸಿರಾಡುತ್ತೆ. ಕನ್ನಡ ಇಂಗ್ಲಿಷ್ ಅಕ್ಕಪಕ್ಕ ಬರೆಸುವಾಗ ಹೆಲ್ವೆಟಿಕಾ ಪಕ್ಕದ ಕನ್ನಡ ಇಸ್ತ್ರಿ ಹಾಕಿದ ಹಾಗೆ ಬಿಗಿಯಾಗಬೇಕು, ಟೈಮ್ಸ್ ಪಕ್ಕ ಅದಕ್ಕೆ ಇಲ್ಲದ ಪಟ್ಟಿ ಹುಡುಕಬೇಕು. ಆಪ್ಟಿಮಾ ಪಕ್ಕ ಅದು ತಾನು ತಾನಾಗಿಯೇ ನಿಲ್ಲುತ್ತೆ.

ನಾಳೆ ಫಲಕ ಮಾಡಿಸುವುದಾದರೆ

ಮಹಾರಾಷ್ಟ್ರ 2022ರಲ್ಲಿ ಕಾನೂನು ತಿದ್ದಿ, ಅಂಗಡಿ ಬೋರ್ಡಿನಲ್ಲಿ ದೇವನಾಗರಿ ಮರಾಠಿ ಇರಲೇಬೇಕು, ಬೇರೆ ಲಿಪಿಗಿಂತ ಚಿಕ್ಕದಾಗಿರಬಾರದು ಅಂತು. ಕರ್ನಾಟಕ 2024ರಲ್ಲಿ ಶೇ. 60 ಕನ್ನಡ ಅಂತು. ಎರಡೂ ಅಳತೆಯ ಮಾತು. ಅಕ್ಷರ ಸರಿಯಾಗಿದೆಯಾ, ಚೆನ್ನಾಗಿದೆಯಾ ಅಂತ ಯಾವ ಕಾನೂನೂ ಕೇಳಲ್ಲ, ಅದನ್ನ ನಾವೇ ಕೇಳಬೇಕು. ಮನೆ ಬಾಗಿಲಿಗಂತೂ ಕಾನೂನೇ ಇಲ್ಲ, ಅಲ್ಲಿ ಕನ್ನಡ ಇದ್ದರೆ ನಿಮ್ಮ ಇಷ್ಟದಿಂದ ಇದೆ. ಇಷ್ಟದಿಂದ ಮಾಡಿದ್ದು ನೆಟ್ಟಗಿರಲಿ.

ಮೊದಲನೇದು, ಅಂಗಡಿಯಲ್ಲಿ ಕನ್ನಡ ಟೈಪ್ ಮಾಡಿಸಬೇಡಿ. ಹಳೇ ಸಾಫ್ಟ್‌ವೇರಿನಲ್ಲಿ ಒತ್ತಕ್ಷರ ಒಡೆಯುತ್ತೆ, 'ಲಕ್ಷ್ಮಿ' ನಾಲ್ಕು ತುಂಡಾಗುತ್ತೆ, ಕನ್ನಡ ಬಾರದ ಹುಡುಗನಿಗೆ ಅದು ತಪ್ಪು ಅಂತ ಗೊತ್ತಾಗೋದು ಹೇಗೆ? ಮನೆಯಲ್ಲೇ ಇಂಕ್‌ಸ್ಕೇಪ್‌ನಂಥ ಉಚಿತ ತಂತ್ರಾಂಶದಲ್ಲಿ ಯೂನಿಕೋಡ್‌ನಲ್ಲಿ ಬರೆದು, ಅಕ್ಷರವನ್ನ ಔಟ್‌ಲೈನ್ ಆಕಾರವಾಗಿ ಬದಲಿಸಿ, ಪಿಡಿಎಫ್ ಕೊಡಿ. ಆಮೇಲೆ ಯಾವ ಯಂತ್ರದಲ್ಲಿ ತೆರೆದರೂ ಅದು ಒಡೆಯಲ್ಲ.

ಎರಡನೇದು, ಜೋಡಿ. ಕನ್ನಡಕ್ಕೆ ಟೈರೋ ಕನ್ನಡ ಅಥವಾ ನೋಟೋ ಸೆರಿಫ್ ಕನ್ನಡ, ಎರಡೂ ಉಚಿತ. ಇಂಗ್ಲಿಷಿಗೆ ಆಪ್ಟಿಮಾ ಮ್ಯಾಕ್‌ನಲ್ಲಿ ಮೊದಲೇ ಇದೆ. ಅಂಗಡಿಯ ಕೋರೆಲ್‌ಡ್ರಾದಲ್ಲಿ ಹುಡುಕಿದರೆ 'ಜಾಫ್ ಹ್ಯೂಮನಿಸ್ಟ್ 601' ಅಂತ ಸಿಗಬಹುದು, ಅದು ಬಿಟ್‌ಸ್ಟ್ರೀಮ್ ಕಂಪನಿಯ ಆಪ್ಟಿಮಾ ರೂಪ. 'ಫ್ಲೇರ್‌ಸೆರಿಫ್ 821' ಅಂತ ಇದ್ದರೆ ಅದು ಆಲ್ಬರ್ಟಸ್‌ನ ರೂಪ. ಅಮೆರಿಕದಲ್ಲಿ ಅಕ್ಷರದ ಆಕಾರಕ್ಕೆ ಕಾಪಿರೈಟ್ ಸಿಗಲ್ಲ, ಹೆಸರಿಗೆ ಟ್ರೇಡ್‌ಮಾರ್ಕ್ ಸಿಗುತ್ತೆ. ಅದಕ್ಕೇ ಒಂದೇ ಮುಖಕ್ಕೆ ಎರಡು ಹೆಸರು. ಇಂಟರ್ನೆಟ್‌ನಲ್ಲಿ ಉಚಿತವಾಗಿ ಬೇಕಾದರೆ ಮಾರ್ಸೆಲಸ್ ನೋಡಿ.

ಮೂರನೇದು, ಕೊರೆಯುವ ವಿಧಾನ. ಎಂಐಡಿಸಿಯಲ್ಲಿ ಕೆಲಸ ಮಾಡುವವರು ನನಗಿಂತ ಚೆನ್ನಾಗಿ ಬಲ್ಲಿರಿ. 3 ಮಿಮೀ ಚಪ್ಪಟೆ ಬಿಟ್ ಹಾಕಿದರೆ ಧ ದ ಸೀಳು 3 ಮಿಮೀಗಿಂತ ಸಣ್ಣದಾಗಲು ಸಾಧ್ಯವೇ ಇಲ್ಲ, ಪಕ್ಕದ ಗೆರೆಗೆ ಕೂಡಿಕೊಳ್ಳುತ್ತೆ. ಬದಲಿಗೆ ವಿ ಬಿಟ್ ಕೇಳಿ. 90 ಡಿಗ್ರಿ ವಿ ಬಿಟ್‌ನಲ್ಲಿ ಆಳ ಅಂದರೆ ಅಗಲದ ಅರ್ಧ. ನಡು 6 ಮಿಮೀ ಅಗಲ ಇದ್ದರೆ 3 ಮಿಮೀ ಆಳ, ತುದಿ 8 ಮಿಮೀ ಆದರೆ 4 ಮಿಮೀ ಆಳ. ಗೆರೆ ಅಗಲವಾದ ಕಡೆ ಬಿಟ್ ತಾನೇ ಕೆಳಗಿಳಿಯುತ್ತೆ, ಮೂಲೆಯಲ್ಲಿ ಮೇಲೇಳುತ್ತಾ ಚೂಪು ತುದಿ ಬಿಡುತ್ತೆ. ಹಳೇ ಕಾಲದ ಕಲ್ಲುಕುಟಿಗ ಉಳಿ ಹಿಡಿದು ಮಾಡ್ತಿದ್ದದ್ದೂ ಇಂಥದೇ. ಬೆಳಕು ಬಿದ್ದಾಗ ತುದಿಯ ನೆರಳು ದಟ್ಟವಾಗಿ, ಅಕ್ಷರ ಎದ್ದು ಕಾಣುತ್ತೆ. ಫ್ಲೇರ್ಡ್ ಅಕ್ಷರಕ್ಕೂ ತಲೆಕಟ್ಟಿಗೂ ಇದಕ್ಕಿಂತ ಒಪ್ಪುವ ಯಂತ್ರ ಇಲ್ಲ, ಮತ್ತು ಅದು ನಮ್ಮ ಭೋಸರಿಯಲ್ಲೇ ಇದೆ.

ಎರಡು ಪ್ರಶ್ನೆ

"ಮರಾಠಿಯೂ ಸೇರಿಸಿ ಮೂರು ಲಿಪಿ ಬೇಕು ಅಂದ್ರೆ ಗಿಜಿಗಿಜಿ ಆಗಲ್ವಾ ಸರ್?" ಅಂತ ಹಿಂದಿನ ಸಾಲಿನಿಂದ ಕೇಳಿದರು.

ಒಳ್ಳೇ ಪ್ರಶ್ನೆ. ಶ್ರವಣಬೆಳಗೊಳಕ್ಕೆ ಹೋದಾಗ ಬಾಹುಬಲಿಯ ಪಾದದ ಪಕ್ಕ ನೋಡಿ. ಈ ವಿಗ್ರಹ ಚಾವುಂಡರಾಯ ಮಾಡಿಸಿದ್ದು ಅನ್ನೋ ವಿಷಯ ಅಲ್ಲಿ ಕನ್ನಡ, ತಮಿಳು, ಮರಾಠಿ ಮೂರರಲ್ಲೂ ಕೆತ್ತಿದೆ, ಮರಾಠಿ ನಾಗರಿ ಲಿಪಿಯಲ್ಲಿದೆ. ಗಿಜಿಗಿಜಿ ಅನ್ನಿಸಲ್ಲ, ಮಾತು ಚಿಕ್ಕದಾಗಿದೆ. ನೀವೂ ಹೆಸರಷ್ಟೇ ಬರೆಸಿ. ಮೂರಕ್ಕೂ ಗೆರೆಯ ದಪ್ಪ ಒಂದೇ ಥರ ಕಾಣಲಿ, ಎತ್ತರ ಒಂದೇ ಆಗಬೇಕಿಲ್ಲ. ಒತ್ತಕ್ಷರ ಇರುವ ಕನ್ನಡ ಸಾಲಿನ ಕೆಳಗೆ ಜಾಗ ಹೆಚ್ಚು ಬಿಡಿ.

"ಮಗಳು ಇಲ್ಲೇ ಹುಟ್ಟಿದ್ದು. ಕನ್ನಡ ಓದೋಕೆ ಬರಲ್ಲ. ಬಾಗಿಲ ಮೇಲೆ ಬರೆಸಿ ಏನು ಪ್ರಯೋಜನ?" ಅಂತ ಒಬ್ಬ ಅಕ್ಕ ಕೇಳಿದರು.

ಅಕ್ಕಾ, ಅವಳು ದಿನಾ ಶಾಲೆಗೆ ಹೋಗುವಾಗ ಬರುವಾಗ ನೋಡೋ ಅಕ್ಷರ ಅದು. ಅವಳ ಹೆಸರನ್ನೂ ಅದರಲ್ಲಿ ಸೇರಿಸಿ. ಒಂದು ದಿನ ಬೆರಳಿಟ್ಟು ಸವರಿ, ಈ ಮೇಲೆ ಎದ್ದಿರೋದು ಏನು ಅಂತ ಕೇಳ್ತಾಳೆ. ಅದಕ್ಕೆ ತಲೆಕಟ್ಟು ಅಂತಾರೆ ಮಗಳೇ ಅಂತ ಹೇಳಿ, ಅಲ್ಲೇ ಕಾಗುಣಿತ ಶುರು ಮಾಡಿ. ಬೆರಳಿಗೆ ಸಿಗುವ ಹಾಗೆ ಕೊರೆದಿರಬೇಕು, ಅಷ್ಟೇ.

ಚಹಾ ಬಂದಿದೆ, ಫಲಕದ ಫೈಲ್ ತಂದವರು ಇದ್ದರೆ ಲ್ಯಾಪ್‌ಟಾಪ್ ತೆಗೀರಿ, ಕೂತು ನೋಡೋಣ.